ಕಾದವರಿಗೊಂದು ಬಟ್ಟಲು ಫೊ

ಮಕ್ಕಳೇ, ಅಜ್ಜಿಯನ್ನು ಕೇಳಿ ಮನೆಯ ಮಸಾಲೆ ಡಬ್ಬಿ ತೆರೆಯಿರಿ. ಪಲಾವ್ ಮಾಡುವಾಗ ಬಿಸಿ ಎಣ್ಣೆಗೆ ಹಾಕುವ ಚಕ್ರಮೊಗ್ಗು ಅದರಲ್ಲಿ ಇದೆಯೇ ನೋಡಿ. ಕಂದು ಬಣ್ಣ, ನಕ್ಷತ್ರದ ಆಕಾರ. ಮುರಿಯದ ಒಂದನ್ನು ಆರಿಸಿ ಅಂಗೈ ಮೇಲಿಟ್ಟು ಎಸಳು ಎಣಿಸಿ. ಸಾಮಾನ್ಯವಾಗಿ ಎಂಟು ಇರುತ್ತವೆ. ಒಂದೊಂದು ಎಸಳೂ ಪುಟ್ಟ ದೋಣಿಯ ಹಾಗಿದೆ, ದೋಣಿಯೊಳಗೆ ನುಣುಪಾದ ಬೀಜವೊಂದು ಕೂತಿದೆ. ಬೀಜವಿದೆ ಎಂದ ಮೇಲೆ ಇದು ಮೊಗ್ಗಲ್ಲ, ಹೂವೂ ಅಲ್ಲ. ಬಿಸಿಲಲ್ಲಿ ಒಣಗಿಸಿದ ಕಾಯಿ!

ಈ ಕಾಯಿ ನಿಮ್ಮ ಮನೆಗೆ ಎಲ್ಲಿಂದ ಬಂತು? ಭಾರತಕ್ಕೆ ಬರುವ ಚಕ್ರಮೊಗ್ಗಿನ ದೊಡ್ಡ ಪಾಲು ವಿಯೆಟ್ನಾಂ ದೇಶದ್ದು. ಅಲ್ಲಿ ಉತ್ತರದ ತುದಿಯಲ್ಲಿ, ಚೀನಾದ ಗಡಿಗೆ ಹೊಂದಿಕೊಂಡು, ಲಾಂಗ್ ಸನ್ ಎಂಬ ಗುಡ್ಡಗಾಡು ಪ್ರಾಂತ್ಯವಿದೆ. ಆ ಗುಡ್ಡಗಳ ಮೇಲೆ ಚಕ್ರಮೊಗ್ಗಿನ ಮರಗಳ ತೋಪುಗಳಿವೆ. ಅಲ್ಲಿನವರೂ ನಮ್ಮ ಹಾಗೆಯೇ ಈ ಕಾಯನ್ನು ಹೂವು ಎಂದೇ ಕರೆಯುತ್ತಾರೆ.

ನಾವು ಅದನ್ನು ಪಲಾವಿಗೆ ಹಾಕುತ್ತೇವೆ. ಅವರು ಒಂದು ಸಾರಿಗೆ ಹಾಕುತ್ತಾರೆ. ಬೆಳಗಿನ ಜಾವ ರಾಜಧಾನಿ ಹನೋಯ್‌ನ ಬೀದಿಗಳಲ್ಲಿ ಆ ಸಾರಿನ ಘಮ ಹಬ್ಬಿರುತ್ತದೆ. ಬಟ್ಟಲಿನಲ್ಲಿ ಬಿಳಿಯ ಅಕ್ಕಿ ನೂಡಲ್ಸ್, ಅದರ ಮೇಲೆ ತಿಳಿಯಾದ ಬಿಸಿ ಸಾರು, ಹಸಿರು ಈರುಳ್ಳಿ ಸೊಪ್ಪು. ಶಾಲೆಗೆ ಹೊರಟ ಮಕ್ಕಳು, ಕೆಲಸಕ್ಕೆ ಹೊರಟ ದೊಡ್ಡವರು ಗಿಡ್ಡ ಸ್ಟೂಲುಗಳ ಮೇಲೆ ಕುಳಿತು ತಿನ್ನುತ್ತಾರೆ. ನಮಗೆ ಇಡ್ಲಿ ಹೇಗೋ ಅವರಿಗೆ ಇದು ಹಾಗೆ. ಇದರ ಹೆಸರು ಫೊ.

ಹೆಸರೇ ಒಂದು ಪ್ರಶ್ನೆ

ಆ ಹೆಸರನ್ನು ಸರಿಯಾಗಿ ಹೇಳುವುದು ನಮಗೆ ಸ್ವಲ್ಪ ಕಷ್ಟ. ಅದು 'ಫೊ'ಗೂ 'ಫ'ಗೂ ನಡುವಿನ ಸದ್ದು. ಹೇಳುವಾಗ ದನಿ ಮೊದಲು ಕೆಳಗಿಳಿದು ಮತ್ತೆ ಮೇಲೇರಬೇಕು, ಯಾರನ್ನೋ ಏನೋ ಕೇಳಿದ ಹಾಗೆ. ವಿಯೆಟ್ನಾಮೀ ಭಾಷೆಯಲ್ಲಿ ಇಂಥ ಆರು ರಾಗಗಳಿವೆ. ರಾಗ ಬದಲಾದರೆ ಅರ್ಥವೂ ಬದಲಾಗುತ್ತದೆ. ಈ ಏರಿಳಿತದ ರಾಗಕ್ಕೆ ಅವರು ಇಟ್ಟಿರುವ ಹೆಸರಿನ ಅರ್ಥವೇ 'ಕೇಳು'. ಬರೆಯುವಾಗ ಅಕ್ಷರದ ತಲೆಯ ಮೇಲೆ ಚುಕ್ಕೆಯಿಲ್ಲದ ಪ್ರಶ್ನೆ ಚಿಹ್ನೆಯಂಥ ಒಂದು ಕೊಂಡಿ ಹಾಕುತ್ತಾರೆ.

ಸ್ವರವೂ ರಾಗವೂ ಸ್ವಲ್ಪ ತಪ್ಪಿದರೆ ಅದೇ ಪದ 'ಬೀದಿ' ಎಂದಾಗಿಬಿಡುತ್ತದೆ. ತಪ್ಪಿದರೂ ಬೇಸರ ಬೇಡ. ಫೊ ಬೆಳೆದದ್ದೇ ಬೀದಿಯಲ್ಲಿ.

ಕಾವಡಿಯಲ್ಲಿ ಬಂದ ಸಾರು

ಫೊ ಸಾವಿರಾರು ವರ್ಷ ಹಳೆಯದೇನಲ್ಲ. 20ನೇ ಶತಮಾನದ ಆರಂಭದಲ್ಲಿ, ನಮ್ಮ ಮುತ್ತಜ್ಜ ಮುತ್ತಜ್ಜಿಯರ ಕಾಲದಲ್ಲಿ, ವಿಯೆಟ್ನಾಮಿನ ಉತ್ತರ ಭಾಗದಲ್ಲಿ ಹುಟ್ಟಿದ್ದು. ಆಗ ಆ ದೇಶವನ್ನು ಫ್ರೆಂಚರು ಆಳುತ್ತಿದ್ದರು.

ಅಲ್ಲಿನ ರೈತನಿಗೆ ಎತ್ತು, ಕೋಣ ಎಂದರೆ ಗದ್ದೆ ಉಳುವ ಜೊತೆಗಾರರು. ದನದ ಮಾಂಸ ತಿನ್ನುವುದು ಅಷ್ಟಾಗಿ ರೂಢಿಯಲ್ಲಿರಲಿಲ್ಲ. ಫ್ರೆಂಚರು ಬಂದ ಮೇಲೆ ಅವರಿಗಾಗಿ ಪಟ್ಟಣಗಳಲ್ಲಿ ದನದ ಮಾಂಸದ ಅಂಗಡಿಗಳಾದವು. ಒಳ್ಳೆಯ ಮಾಂಸ ಸಾಹೇಬರ ಮನೆಗೆ ಹೋಗುತ್ತಿತ್ತು, ಮೂಳೆ ಅಂಗಡಿಯಲ್ಲೇ ಉಳಿಯುತ್ತಿತ್ತು. ಬೀದಿಯಲ್ಲಿ ನೂಡಲ್ಸ್ ಮಾರುತ್ತಿದ್ದವರು ಆ ಅಗ್ಗದ ಮೂಳೆಗಳನ್ನು ಕೊಂಡು, ಚಕ್ರಮೊಗ್ಗು, ಚಕ್ಕೆ, ಸುಟ್ಟ ಶುಂಠಿ ಹಾಕಿ ಗಂಟೆಗಟ್ಟಲೆ ಕುದಿಸಿದರು. ಬೇರೆಯವರಿಗೆ ಬೇಡವಾದದ್ದರಿಂದ ಒಂದು ದೇಶದ ಅಡುಗೆ ತಯಾರಾಯಿತು.

ಹೆಸರಿನ ಬಗ್ಗೆ ಎರಡು ವಾದಗಳಿವೆ. ಫ್ರೆಂಚರ ಮಾಂಸದ ಸಾರಿನ ಹೆಸರಿನ ಕೊನೆಯ ಅಕ್ಷರದಿಂದ 'ಫೊ' ಬಂತು ಎನ್ನುವವರು ಕೆಲವರು. ಚೀನೀಯರು ಅಕ್ಕಿ ನೂಡಲ್ಸಿಗೆ ಹೇಳುವ ಪದದಿಂದ ಬಂತು ಎನ್ನುವವರು ಇನ್ನು ಕೆಲವರು.

ಆಗಿನ ಫೊ ಮಾರುವವರು ಹೆಗಲ ಮೇಲೆ ಕಾವಡಿ ಹೊತ್ತು ತಿರುಗುತ್ತಿದ್ದರು. ಕಾವಡಿಯ ಒಂದು ಕಡೆ ಉರಿಯುವ ಒಲೆ, ಅದರ ಮೇಲೆ ಸಾರಿನ ಪಾತ್ರೆ. ಇನ್ನೊಂದು ಕಡೆ ಬಟ್ಟಲು, ನೂಡಲ್ಸ್, ಸೊಪ್ಪು. ಹನೋಯ್‌ನಿಂದ ದಕ್ಷಿಣಕ್ಕಿರುವ ನಾಮ್ ಡಿನ್ ಪ್ರದೇಶದ ವಾನ್ ಕು ಎಂಬ ಹಳ್ಳಿಯ ಅನೇಕರು ಇದನ್ನೇ ಕಸುಬು ಮಾಡಿಕೊಂಡು ಹನೋಯ್‌ಗೆ ಬಂದರು. ಓಡಾಡುವ ಇಡೀ ಹೋಟೆಲು ಒಬ್ಬ ಮನುಷ್ಯನ ಹೆಗಲ ಮೇಲಿತ್ತು!

ಕೊರತೆ ಬಂದಾಗಲೆಲ್ಲ

ಇನ್ನು ಮುಂದಿನ ಕಥೆ ಕೇಳಿ. ಫೊ ಬದುಕಿ ಉಳಿದದ್ದು ಸುಲಭವಾಗಿ ಅಲ್ಲ.

1939ರ ಹೊತ್ತಿಗೆ ಹನೋಯ್‌ನಲ್ಲಿ ಸೋಮವಾರ ಮತ್ತು ಶುಕ್ರವಾರ ದನದ ಮಾಂಸ ಸಿಗದಂತಾಯಿತು. ಫೊ ಅಂಗಡಿಯವರು ಬಾಗಿಲು ಮುಚ್ಚಲಿಲ್ಲ. ಆ ಎರಡು ದಿನ ಕೋಳಿಯ ಫೊ ಮಾಡಿದರು. 'ಇದೂ ಒಂದು ಫೊನಾ?' ಎಂದು ಮೂಗು ಮುರಿದವರು ಇದ್ದರು. ಇಂದು ಕೋಳಿಯ ಫೊ, ಅಂದರೆ 'ಫೊ ಗಾ', ಅಲ್ಲಿನ ಮನೆಮನೆಯ ಪ್ರೀತಿಯ ಅಡುಗೆ.

1954ರಲ್ಲಿ ಫ್ರೆಂಚರ ಆಳ್ವಿಕೆ ಕೊನೆಗೊಂಡು ದೇಶ ಉತ್ತರ, ದಕ್ಷಿಣ ಎಂದು ಎರಡಾಯಿತು. ಉತ್ತರದ ಲಕ್ಷಾಂತರ ಜನ ಮನೆಮಠ ಬಿಟ್ಟು ದಕ್ಷಿಣಕ್ಕೆ ಹೊರಟರು. ಅವರೊಂದಿಗೆ ಫೊ ಕೂಡ ಸೈಗಾನ್ ನಗರದಲ್ಲಿ ಬೇರೂರಿತು. ದಕ್ಷಿಣದ ಸೆಖೆಯ ನೆಲದಲ್ಲಿ ಸೊಪ್ಪು, ತರಕಾರಿ ಧಾರಾಳ. ಅಲ್ಲಿ ಫೊ ಜೊತೆಗೆ ಒಂದು ತಟ್ಟೆ ತುಂಬ ಹಸಿರೆಲೆ, ಮೊಳಕೆಕಾಳು, ನಿಂಬೆಹೋಳು ಇಡುವ ರೂಢಿ ಬೆಳೆಯಿತು. ಸಾರು ತುಸು ಸಿಹಿಯಾಯಿತು. ಹನೋಯ್‌ನವರು ಇಂದಿಗೂ 'ಅಷ್ಟೊಂದು ಸೊಪ್ಪು ಯಾಕೆ? ಸಾರಿನ ರುಚಿಯೇ ತಿಳಿಯುವುದಿಲ್ಲ' ಎನ್ನುತ್ತಾರೆ. ಉಡುಪಿ ಸಾಂಬಾರಿಗೆ ಬೆಲ್ಲ ಹಾಕುವುದರ ಬಗ್ಗೆ ನಮ್ಮಲ್ಲಿ ನಡೆಯುವ ಜಗಳದ ಹಾಗೆಯೇ ಇದು.

1960ರ ದಶಕದಲ್ಲಿ ಘೋರ ಯುದ್ಧ. ಉತ್ತರದಲ್ಲಿ ಮಾಂಸಕ್ಕೆ ಬಹಳ ಅಭಾವ. ಸರ್ಕಾರಿ ಫೊ ಅಂಗಡಿಗಳಲ್ಲಿ ಬರೀ ನೂಡಲ್ಸ್ ಮತ್ತು ಸಾರು ಕೊಡುತ್ತಿದ್ದರು, ಒಂದು ಚೂರು ಮಾಂಸವೂ ಇರುತ್ತಿರಲಿಲ್ಲ. ಅದೇ ಸಮಯದಲ್ಲಿ ಅಮೆರಿಕದ ಚಾಲಕನಿಲ್ಲದ ಬೇಹುಗಾರಿಕೆ ವಿಮಾನಗಳು ಆಕಾಶದಲ್ಲಿ ಹಾರಾಡುತ್ತಿದ್ದವು. ಹನೋಯ್‌ನ ಜನ ಆ ಬಡ ಬಟ್ಟಲಿಗೆ ಒಂದು ಹೆಸರಿಟ್ಟರು: 'ಪೈಲಟ್ ಇಲ್ಲದ ಫೊ'! ತಲೆಯ ಮೇಲೆ ಬಾಂಬಿನ ಭಯ, ಹೊಟ್ಟೆಯಲ್ಲಿ ಹಸಿವು. ಆದರೂ ನಗುವುದನ್ನು ಅವರು ಬಿಡಲಿಲ್ಲ, ಫೊ ತಿನ್ನುವುದನ್ನೂ ಬಿಡಲಿಲ್ಲ.

1975ರಲ್ಲಿ ಯುದ್ಧ ಮುಗಿಯಿತು. ಆಮೇಲಿನ ವರ್ಷಗಳಲ್ಲಿ ಲಕ್ಷಾಂತರ ಜನ ದೇಶ ತೊರೆದರು. ಎಷ್ಟೋ ಮಂದಿ ಸಣ್ಣ ದೋಣಿಗಳಲ್ಲಿ ಸಮುದ್ರಕ್ಕಿಳಿದರು. ಎಲ್ಲರೂ ದಡ ಸೇರಲಿಲ್ಲ. ಸೇರಿದವರು ಅಮೆರಿಕ, ಆಸ್ಟ್ರೇಲಿಯ, ಕೆನಡಾ, ಫ್ರಾನ್ಸ್‌ಗಳಲ್ಲಿ ಹೊಸ ಬದುಕು ಕಟ್ಟಿಕೊಂಡರು, ಫೊ ಅಂಗಡಿಗಳನ್ನು ತೆರೆದರು. ಅಂಥ ಕೆಲವು ಅಂಗಡಿಗಳ ಹೆಸರಿನಲ್ಲಿ ಒಂದು ಅಂಕಿ ಇರುತ್ತದೆ: 54, 75. ಅದು ಮನೆ ನಂಬರ್ ಅಲ್ಲ, ಮನೆ ಬಿಟ್ಟ ವರ್ಷ.

ಈಗ ವಿಯೆಟ್ನಾಮಿನಲ್ಲಿ ಡಿಸೆಂಬರ್ 12 'ಫೊ ದಿನ'. ಹನೋಯ್ ಮತ್ತು ನಾಮ್ ಡಿನ್‌ನ ಫೊಗಳನ್ನು 2024ರಲ್ಲಿ ಅಲ್ಲಿನ ಸರ್ಕಾರ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿತು.

ಹುಣ್ಣಿಮೆ, ಅಮಾವಾಸ್ಯೆಯ ಫೊ

'ನಮ್ಮ ಮನೆಯಲ್ಲಿ ಮಾಂಸ ಮಾಡುವುದಿಲ್ಲವಲ್ಲ' ಎನ್ನುವ ಅಜ್ಜಿಯರಿಗೆ ಒಂದು ಒಳ್ಳೆಯ ಸುದ್ದಿ. ವಿಯೆಟ್ನಾಮಿನ ಎಷ್ಟೋ ಬೌದ್ಧ ಕುಟುಂಬಗಳು ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ ಮಾಂಸ ಮುಟ್ಟುವುದಿಲ್ಲ. ಅವರ ತಿಂಗಳು ಶುರುವಾಗುವುದು ಅಮಾವಾಸ್ಯೆಯ ದಿನ, ಹದಿನೈದನೆಯ ದಿನ ಹುಣ್ಣಿಮೆ. ಆ ದಿನಗಳಲ್ಲಿ 'ಫೊ ಚಾಯ್' ಮಾಡುತ್ತಾರೆ. ಇಲ್ಲಿ ಚಾಯ್ ಎಂದರೆ ಟೀ ಅಲ್ಲ, ಸಸ್ಯಾಹಾರ! ಹಾಗಾಗಿ ತರಕಾರಿಯ ಫೊ ನಾವು ಹೊಸದಾಗಿ ಮಾಡಿಕೊಂಡ ರಾಜಿಯೇನಲ್ಲ, ಅವರದೇ ಅಡುಗೆ.

ದನದ ಮಾಂಸ, ಕೋಳಿ, ಏನೂ ಇಲ್ಲದ್ದು, ತರಕಾರಿ. ಇಷ್ಟೆಲ್ಲ ಬದಲಾದರೂ ಎರಡು ಸಂಗತಿ ಮಾತ್ರ ಬದಲಾಗಲಿಲ್ಲ. ಒಂದು, ಚಪ್ಪಟೆಯ ಅಕ್ಕಿ ನೂಡಲ್ಸ್. ಇನ್ನೊಂದು, ಅವಸರವಿಲ್ಲದೆ ಕುದಿದ ತಿಳಿಸಾರು. ಇವೆರಡೂ ಇದ್ದರೆ ನಿಮ್ಮ ಮನೆಯದೂ ಫೊ.

ನಾಲ್ಕು ಜನಕ್ಕೆ ಬೇಕಾಗುವ ಸಾಮಗ್ರಿ

ಸಾರಿಗೆ: ಈರುಳ್ಳಿ 2, ಎರಡು ಇಂಚು ಶುಂಠಿ, ಮೂಲಂಗಿ 1, ಕ್ಯಾರೆಟ್ 2, ಸೀಮೆಬದನೆ 1, ಸಿಹಿ ಜೋಳದ ತೆನೆ 1, ಎಲೆಕೋಸು ಕಾಲು ಭಾಗ, ಇಷ್ಟವಿದ್ದರೆ ಅಣಬೆ ಒಂದು ಹಿಡಿ, ನೀರು 3 ಲೀಟರ್, ಕಲ್ಲುಸಕ್ಕರೆ ಒಂದು ಸಣ್ಣ ತುಂಡು, ಉಪ್ಪು, ಸೋಯಾ ಸಾಸ್ 2 ಚಮಚ.

ಮಸಾಲೆಗೆ: ಚಕ್ರಮೊಗ್ಗು 3, ಎರಡು ಇಂಚಿನ ಚಕ್ಕೆ, ಲವಂಗ 4, ಕಪ್ಪು ಏಲಕ್ಕಿ 1, ಕೊತ್ತಂಬರಿ ಬೀಜ 1 ಚಮಚ.

ಬಟ್ಟಲಿಗೆ: ಚಪ್ಪಟೆ ಅಕ್ಕಿ ನೂಡಲ್ಸ್ 250 ಗ್ರಾಂ, ಹುರಿದ ತೋಫು 200 ಗ್ರಾಂ, ಈರುಳ್ಳಿ ಸೊಪ್ಪು, ಕೊತ್ತಂಬರಿ ಸೊಪ್ಪು, ಕಾಮಕಸ್ತೂರಿ ಎಲೆ ಅಥವಾ ಪುದೀನ, ಹೆಸರುಕಾಳಿನ ಮೊಳಕೆ, ನಿಂಬೆಹೋಳು, ಹಸಿಮೆಣಸಿನಕಾಯಿ.

ಇವುಗಳಲ್ಲಿ ಹೆಚ್ಚಿನವು ಮನೆಯಲ್ಲೇ ಇರುತ್ತವೆ. ಅಕ್ಕಿ ನೂಡಲ್ಸ್ ಮತ್ತು ತೋಫು ಪಟ್ಟಣದ ದೊಡ್ಡ ಅಂಗಡಿಗಳಲ್ಲಿ ಸಿಗುತ್ತವೆ. ಈ ನೂಡಲ್ಸ್ ಮಾಡುವ ರೀತಿ ಸ್ವಾರಸ್ಯಕರ. ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿ, ಕುದಿಯುವ ನೀರಿನ ಪಾತ್ರೆಯ ಬಾಯಿಗೆ ಬಿಗಿದ ಬಟ್ಟೆಯ ಮೇಲೆ ಆ ಹಿಟ್ಟನ್ನು ತೆಳ್ಳಗೆ ಹರಡುತ್ತಾರೆ. ಆವಿಯಲ್ಲಿ ಬೆಂದ ಹಾಳೆಯನ್ನು ಮೆಲ್ಲಗೆ ಎಬ್ಬಿಸಿ ಪಟ್ಟಿಗಳಾಗಿ ಕತ್ತರಿಸುತ್ತಾರೆ. ನಮ್ಮ ಒತ್ತು ಶಾವಿಗೆಯಂಥ ದುಂಡಗಿನ ನೂಡಲ್ಸೂ ಅವರಲ್ಲಿ ಇದೆ, ಅದಕ್ಕೆ 'ಬುನ್' ಎಂದು ಬೇರೆ ಹೆಸರು. ಶಾವಿಗೆ ಹಾಕಿದರೂ ಈ ಸಾರು ರುಚಿಯಾಗಿಯೇ ಇರುತ್ತದೆ, ಆದರೆ ಅದನ್ನು ಫೊ ಎನ್ನುವಂತಿಲ್ಲ.

ಒಲೆ ಅಜ್ಜಿಯದು, ಗಡಿಯಾರ ನಿಮ್ಮದು

ಮೊದಲ ಕೆಲಸ ಸುಡುವುದು. ಈರುಳ್ಳಿಯನ್ನು ಎರಡು ಹೋಳು ಮಾಡಿ, ಶುಂಠಿಯನ್ನು ಸಿಪ್ಪೆಸಹಿತ, ಬದನೆಕಾಯಿ ಸುಡುವ ಹಾಗೆ ಉರಿಯ ಮೇಲೆ ಅಲ್ಲಲ್ಲಿ ಕಪ್ಪಾಗುವ ತನಕ ಸುಡಬೇಕು. ಇದು ದೊಡ್ಡವರ ಕೆಲಸ. ಆರಿದ ಮೇಲೆ ಕಪ್ಪು ಸಿಪ್ಪೆಯನ್ನು ಕೆರೆದು ತೊಳೆಯುವುದು ಮಕ್ಕಳ ಕೆಲಸ. ಸುಡುವುದೇಕೆ? ಈರುಳ್ಳಿಯೊಳಗೆ ಸಕ್ಕರೆಯಂಶ ಇದೆ. ಬೆಂಕಿ ತಾಗಿದಾಗ ಅದು ಕೆಂಪಗಾಗಿ ಸಾರಿಗೆ ಹೊಂಬಣ್ಣವನ್ನೂ ಹೊಗೆಯ ಘಮವನ್ನೂ ಕೊಡುತ್ತದೆ.

ಎರಡನೆಯದು ಹುರಿಯುವುದು. ಮಸಾಲೆಗಳನ್ನು ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಂದೆರಡು ನಿಮಿಷ ಹುರಿಯಿರಿ. ಬಿಸಿಗೆ ಅವುಗಳೊಳಗಿನ ಎಣ್ಣೆಯಂಶ ಎಚ್ಚರವಾಗುತ್ತದೆ, ಘಮ ಬಂದ ಕೂಡಲೇ ಇಳಿಸಿ. ಪುಡಿ ಮಾಡಬೇಡಿ. ತೆಳು ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ. ಗಂಟು ಕಟ್ಟುವುದು ಮಕ್ಕಳಿಗೆ ಬಿಡಿ.

ಮೂರನೆಯದು ಕಾಯುವುದು. ಇದೇ ಎಲ್ಲಕ್ಕಿಂತ ಕಷ್ಟ. ದೊಡ್ಡ ಪಾತ್ರೆಗೆ ನೀರು, ತರಕಾರಿಯ ದಪ್ಪ ಹೋಳುಗಳು, ಅಣಬೆ, ಸುಟ್ಟ ಈರುಳ್ಳಿ, ಶುಂಠಿ ಹಾಕಿ. ಕುದಿ ಬಂದ ತಕ್ಷಣ ಉರಿ ತಗ್ಗಿಸಿ. ನೀರಿನ ಮೇಲೆ ಒಂದೊಂದೇ ಗುಳ್ಳೆ ಸೋಮಾರಿಯ ಹಾಗೆ ಎದ್ದು ಒಡೆಯಬೇಕು, ಅಷ್ಟೇ. ಮೇಲೆ ಬಂದ ನೊರೆಯನ್ನು ದೊಡ್ಡವರು ಆಗಾಗ ಸೌಟಿನಿಂದ ತೆಗೆಯಲಿ. ಕುಕ್ಕರ್ ಬೇಡ, ಮುಚ್ಚಳವನ್ನೂ ಪೂರ್ತಿ ಮುಚ್ಚಬೇಡಿ.

ಮೊದಲ ಸಲ ಮಾಡಿದಾಗ ನಾನು ಅವಸರದಲ್ಲಿ ಉರಿ ಜೋರು ಮಾಡಿದ್ದೆ. ತರಕಾರಿ ಕರಗಿ ಸಾರು ಕದಡಿದ ಕೆರೆನೀರಿನಂತಾಯಿತು. ಸಾಲದ್ದಕ್ಕೆ ಮಸಾಲೆ ಗಂಟನ್ನು ಮೊದಲಿನಿಂದ ಕೊನೆಯ ತನಕ ಅದರಲ್ಲೇ ಬಿಟ್ಟಿದ್ದೆ. ಒಂದು ಚಮಚ ಬಾಯಿಗಿಟ್ಟರೆ ಅಪ್ಪಟ ಕಷಾಯ! ಎರಡನೆಯ ಸಲ ಗಡಿಯಾರ ನೋಡಿ ಮಾಡಿದೆ. ಮೊದಲ ಐವತ್ತು ನಿಮಿಷ ಬರೀ ತರಕಾರಿ. ಆಮೇಲೆ ಮಸಾಲೆ ಗಂಟು ಹಾಕಿ ನಲವತ್ತು ನಿಮಿಷ. ಒಟ್ಟು ಒಂದೂವರೆ ಗಂಟೆ. ಹೊತ್ತು ನೋಡಿ 'ಅಜ್ಜಿ, ಈಗ ಗಂಟು ಹಾಕಿ', 'ಅಜ್ಜಿ, ಈಗ ತೆಗೆಯಿರಿ' ಎಂದು ಹೇಳುವ ಜವಾಬ್ದಾರಿ ಮಕ್ಕಳದು.

ಕೊನೆಗೆ ಸಾರನ್ನು ಬಟ್ಟೆಯಲ್ಲಿ ಸೋಸಿ. ಹಿಂಡಬೇಡಿ, ತಾನಾಗಿ ಇಳಿಯಲಿ. ಸುಮಾರು ಎರಡು ಲೀಟರ್ ತಿಳಿಸಾರು ಸಿಗುತ್ತದೆ. ಉಪ್ಪು, ಸೋಯಾ ಸಾಸ್, ಕಲ್ಲುಸಕ್ಕರೆ ಹಾಕಿ ಮತ್ತೆ ಬಿಸಿ ಮಾಡಿ. ಉಪ್ಪು ಒಂದು ಚೂರು ಮುಂದಿರಲಿ, ಏಕೆಂದರೆ ನೂಡಲ್ಸಿಗೆ ಉಪ್ಪಿಲ್ಲ. ಅರಿಶಿನ, ಖಾರದಪುಡಿ, ಹುಣಸೆಹಣ್ಣು ಬೇಡ. ಒಗ್ಗರಣೆಗೆ ಕೈ ಚಾಚುವ ಅಜ್ಜಿಯನ್ನು ಮಕ್ಕಳು ಮೆಲ್ಲಗೆ ತಡೆಯಲಿ!

ಮಾಂಸ ತಿನ್ನುವ ಮನೆಯವರು ತರಕಾರಿಯ ಜಾಗದಲ್ಲಿ ಒಂದು ಕೋಳಿ ಹಾಕಬಹುದು. ಮೊದಲು ಐದು ನಿಮಿಷ ಕುದಿಸಿ ಆ ನೀರು ಚೆಲ್ಲಿ, ಕೋಳಿ ತೊಳೆದು, ಹೊಸ ನೀರಿನಲ್ಲಿ ಇಡಬೇಕು. ಸಾರು ತಿಳಿಯಾಗಲು ಇದೇ ಉಪಾಯ. ಸುಮಾರು ಮುಕ್ಕಾಲು ಗಂಟೆಯಲ್ಲಿ ಮಾಂಸ ಬೇಯುತ್ತದೆ. ಪೂರ್ತಿ ಬೆಂದಿದೆ ಎಂದು ನೋಡಿ, ಮಾಂಸ ಬಿಡಿಸಿಟ್ಟುಕೊಂಡು, ಮೂಳೆಗಳನ್ನು ಮತ್ತೆ ಸಾರಿಗೆ ಹಾಕಿ ಒಂದು ಗಂಟೆ ಕುದಿಸಿ. ಇಲ್ಲೂ ಕೊನೆಯ ನಲವತ್ತು ನಿಮಿಷಕ್ಕಷ್ಟೇ ಮಸಾಲೆ ಗಂಟು. ಹನೋಯ್‌ನ ದನದ ಮೂಳೆಯ ಸಾರನ್ನಂತೂ ರಾತ್ರಿಯಿಡೀ ಕುದಿಸುವವರಿದ್ದಾರೆ. ಅವರು ಸೋಯಾ ಸಾಸ್ ಬದಲು ಉಪ್ಪು ಬೆರೆಸಿ ತಿಂಗಳುಗಟ್ಟಲೆ ಮಾಗಿಸಿದ ಮೀನಿನ ರಸ ಹಾಕುತ್ತಾರೆ.

ಕಾಯುವ ಹೊತ್ತಿಗೊಂದು ಕಥೆ

ಪಾತ್ರೆ ಕುದಿಯುವ ಈ ಒಂದೂವರೆ ಗಂಟೆ ಏನು ಮಾಡುವುದು? ಟಿ.ವಿ. ಹಾಕಬೇಡಿ. ಅಜ್ಜನನ್ನೋ ಅಜ್ಜಿಯನ್ನೋ ಒಂದು ಪ್ರಶ್ನೆ ಕೇಳಿ: 'ನೀವು ಚಿಕ್ಕವರಿದ್ದಾಗ ಮನೆಯಲ್ಲಿ ಅಕ್ಕಿಯೋ ಎಣ್ಣೆಯೋ ಇಲ್ಲದ ದಿನ ಏನು ಅಡುಗೆ ಮಾಡುತ್ತಿದ್ದರು?' ಎಷ್ಟೋ ಅಜ್ಜ ಅಜ್ಜಿಯರು ರೇಷನ್ ಅಂಗಡಿಯ ಸಾಲಿನಲ್ಲಿ ಚೀಲ ಹಿಡಿದು ನಿಂತವರು. ಬೇಳೆಯಿಲ್ಲದ ಸಾರು, ಬೇಲಿಯ ಸೊಪ್ಪಿನ ಪಲ್ಯ, ಹಲಸಿನ ಬೀಜದ ಹುಳಿ ಉಂಡವರು. ಆ ಅಡುಗೆಗಳಲ್ಲಿ ಒಂದಾದರೂ ನಿಮ್ಮ ಮನೆಯ 'ಪೈಲಟ್ ಇಲ್ಲದ ಫೊ' ಆಗಿರಬಹುದು. ಅದರ ಹೆಸರು, ಮಾಡುವ ಕ್ರಮ ಎರಡನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಸೈಗಾನ್‌ಗೆ ಹೊರಟವರು, ಕಡಲು ದಾಟಿದವರು ತಮ್ಮ ಅಡುಗೆಯನ್ನು ತಲೆಯಲ್ಲಿ ಹೊತ್ತುಕೊಂಡು ಹೋಗಿದ್ದರಿಂದಲೇ ಅದು ಇಂದಿಗೂ ಉಳಿದಿದೆ. ತಲೆಯಲ್ಲಿ ಮಾತ್ರ ಇರುವ ಅಡುಗೆಯನ್ನು ಯಾರೂ ಕೇಳದೆ ಹೋದರೆ ಅದು ಆ ತಲೆಯೊಂದಿಗೇ ಹೋಗಿಬಿಡುತ್ತದೆ.

ಊಟಕ್ಕೆ ಮೊದಲು ಒಂದು ಮಾತು

ಸಾರು ಸಿದ್ಧವಾಯಿತೇ? ನೂಡಲ್ಸನ್ನು ಮೊದಲೇ ಅರ್ಧ ಗಂಟೆ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿಟ್ಟಿರಿ. ಬಡಿಸುವ ಮುನ್ನ ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಅದ್ದಿ ತೆಗೆದು ಬಟ್ಟಲುಗಳಿಗೆ ಹಂಚಿ. ಮೊಳಕೆಕಾಳನ್ನೂ ಅದೇ ನೀರಿನಲ್ಲಿ ಒಂದು ನಿಮಿಷ ಬೇಯಿಸಿಕೊಳ್ಳಿ. ನೂಡಲ್ಸಿನ ಮೇಲೆ ತೋಫು, ಹೆಚ್ಚಿದ ಈರುಳ್ಳಿ ಸೊಪ್ಪು, ಕೊತ್ತಂಬರಿ ಸೊಪ್ಪು ಇಡಿ. ಅದರ ಮೇಲೆ ಕುದಿಯುವ ಸಾರನ್ನು ದೊಡ್ಡವರು ಹಾಕಲಿ. ಕಾಮಕಸ್ತೂರಿ, ಮೊಳಕೆಕಾಳು, ನಿಂಬೆ, ಮೆಣಸಿನಕಾಯಿ ತಟ್ಟೆಯಲ್ಲಿರಲಿ. ಯಾರಿಗೆ ಎಷ್ಟು ಬೇಕೋ ಅಷ್ಟು. ಹಾಕಿದ ಕೂಡಲೇ ತಿನ್ನಬೇಕು, ಬಿಟ್ಟರೆ ನೂಡಲ್ಸ್ ಸಾರು ಕುಡಿದು ಊದಿಕೊಳ್ಳುತ್ತದೆ. ಅಲ್ಲಿನವರು ಒಂದು ಕೈಯಲ್ಲಿ ಕಡ್ಡಿಗಳು, ಇನ್ನೊಂದರಲ್ಲಿ ಚಮಚ ಹಿಡಿದು ತಿನ್ನುತ್ತಾರೆ. ನಮಗೆ ಫೋರ್ಕ್ ಆದೀತು.

ಆದರೆ ಚಮಚ ಎತ್ತುವ ಮುಂಚೆ ಒಂದು ಕ್ಷಣ ನಿಲ್ಲಿ. ವಿಯೆಟ್ನಾಮಿನಲ್ಲಿ, ಅದರಲ್ಲೂ ಉತ್ತರದ ಮನೆಗಳಲ್ಲಿ, ಊಟಕ್ಕೆ ಕುಳಿತಾಗ ಚಿಕ್ಕವರು ದೊಡ್ಡವರನ್ನು ಒಬ್ಬೊಬ್ಬರನ್ನಾಗಿ ಊಟಕ್ಕೆ ಕರೆಯುವ ಪದ್ಧತಿಯಿದೆ. ಮನೆಯಲ್ಲಿ ಎಲ್ಲರಿಗಿಂತ ಹಿರಿಯರು ಮೊದಲು. ಅಜ್ಜನಿಗೆ ಅವರು 'ಓಂಗ್' ಎನ್ನುತ್ತಾರೆ, ಅಜ್ಜಿಗೆ 'ಬಾ'. ಅಜ್ಜ ಅಜ್ಜಿಯ ಎದುರು ಮಗು ತನ್ನನ್ನು 'ನಾನು' ಎಂದು ಹೇಳಿಕೊಳ್ಳುವುದಿಲ್ಲ, 'ಚಾವ್' ಎನ್ನುತ್ತದೆ. ಎಂದರೆ 'ಮೊಮ್ಮಗು'.

'ಚಾವ್ ಮೊಯ್ ಬಾ'. ಮೊಮ್ಮಗು ಅಜ್ಜಿಯನ್ನು ಊಟಕ್ಕೆ ಕರೆಯುತ್ತಿದೆ.

ಒಂದೂವರೆ ಗಂಟೆ ಒಲೆಯ ಮುಂದೆ ನಿಂತ ಅಜ್ಜಿಗೆ ಮೊದಲ ಬಟ್ಟಲು ಕೊಟ್ಟು ಇದನ್ನು ಹೇಳಿ ನೋಡಿ. ರಾಗ ತಪ್ಪಿದರೂ ಅವರಿಗೆ ಅರ್ಥವಾಗುತ್ತದೆ.